ಕಲ್ಲಿನವಳೋ, ಗಿಡದವಳೋ?

ಡೋಣಿಯಲ್ಲಿ ಬಸ್ಸಿಳಿದಾಗ ಎಂಟೂವರೆ. ಬೆನ್ನಚೀಲದಲ್ಲಿ ಎರಡು ನೋಟುಪುಸ್ತಕ, ದಿಕ್ಸೂಚಿ, ಭೂತಗನ್ನಡಿ, ಅಯಸ್ಕಾಂತ, ಒಡೆದ ಟೈಲ್ಸಿನ ಒಂದು ಚೂರು, ಇಪ್ಪತ್ತು ಮೀಟರ್ ನೈಲಾನ್ ಹಗ್ಗ, ನಾಲ್ಕು ಗೂಟ, ಬಟ್ಟೆಯಲ್ಲಿ ಸುತ್ತಿದ ಕಟಕ ರೊಟ್ಟಿ, ಶೇಂಗಾ ಚಟ್ನಿ. ಸುತ್ತಿಗೆ ಮಾತ್ರ ಒಳಗೆ ಹಿಡಿಸಲಿಲ್ಲ. ಪಕ್ಕದ ಪಟ್ಟಿಗೆ ಸಿಕ್ಕಿಸಿದ್ದೆ. ಹೆಜ್ಜೆಗೊಮ್ಮೆ ಸೊಂಟಕ್ಕೆ ಬಡಿಯುತ್ತಿತ್ತು. ಹಾಗೆ ಎಲ್ಲರಿಗೂ ಕಾಣುವಂತೆ ನೇತುಹಾಕಿಕೊಂಡು ಹೋದದ್ದೇ ತಪ್ಪಾಯಿತು.

ಕಪ್ಪತಗುಡ್ಡದ ಬುಡದಲ್ಲಿ ಅರಣ್ಯ ಕಾವಲಿನವರ ಕೋಣೆ. ಐವತ್ತು ದಾಟಿದ ಒಬ್ಬ ಕಾಕಾ ನನ್ನ ಅನುಮತಿ ಪತ್ರವನ್ನು ಎರಡು ಸಲ ಓದಿದರು, ಆಮೇಲೆ ಸುತ್ತಿಗೆಯನ್ನು ನೋಡಿದರು, ಆಮೇಲೆ ನನ್ನನ್ನು.

“ಯವ್ವಾ, ನೀನು ಕಲ್ಲಿನವಳೋ, ಗಿಡದವಳೋ?”

“ಎರಡೂ, ಕಾಕಾ.”

“ಪತ್ರದಲ್ಲಿ ಗಿಡ ಎಂದು ಮಾತ್ರ ಇದೆ.”

ಹೌದು, ಹಾಗೆಯೇ ಇತ್ತು. ಅರ್ಜಿ ಬರೆಯುವಾಗ ಎರಡೆರಡು ವಿಷಯ ತೋರಿಸಿದರೆ ಎಲ್ಲಿ ವಾಪಸ್ ಬರುತ್ತದೋ ಎಂದು ಅಂಜಿ ‘ಸಸ್ಯ ಸಮೀಕ್ಷೆ’ ಎಂದಷ್ಟೇ ಬರೆದವಳು ನಾನೇ. ಎರಡು ಪದವಿಯ ಕತೆಯನ್ನು ಕಂಡಕಂಡವರಿಗೆ ಹೇಳಿ ಅಷ್ಟರಲ್ಲಾಗಲೇ ಬಾಯಿ ಸೋತಿತ್ತು.

ಕತೆ ಇಷ್ಟೇ. ವಾರದ ದಿನಗಳಲ್ಲಿ ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ತರಗತಿ, ರಾತ್ರಿ ಮತ್ತು ಭಾನುವಾರ ದೂರಶಿಕ್ಷಣದಲ್ಲಿ ಪರಿಸರ ಜೀವಶಾಸ್ತ್ರ. ಏಕಕಾಲಕ್ಕೆ ಎರಡು ಪದವಿ ಓದಬಹುದು ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2022ರಲ್ಲಿ ಹೇಳಿದ್ದೇ ತಡ, ನಾನು ಆ ಬಾಗಿಲಲ್ಲಿ ನುಗ್ಗಿದೆ. ಹಾವೇರಿಯಲ್ಲಿರುವ ಅಪ್ಪನಿಗೆ ಇದು ಸರಿಬರಲಿಲ್ಲ. “ಎರಡು ದೋಣಿಯ ಮೇಲೆ ಕಾಲಿಟ್ಟವರು ದಡ ಸೇರಿದ್ದನ್ನು ನಾನು ಕಂಡಿಲ್ಲ” ಎಂದಿದ್ದರು. (ಆ ಬೆಳಿಗ್ಗೆ ಕಂಡಕ್ಟರ್ ‘ಡೋಣಿ, ಡೋಣಿ’ ಎಂದು ಕೂಗಿದಾಗ ಬಸ್ಸಿನಲ್ಲಿ ಒಬ್ಬಳೇ ನಕ್ಕೆ.) ಸಪ್ತಾಪುರದ ನನ್ನ ಕೋಣೆಯಲ್ಲಿ ಇನ್ನಿಬ್ಬರು ಹುಡುಗಿಯರು ಪೊಲೀಸ್ ಪರೀಕ್ಷೆಗೋ ಎಫ್‌ಡಿಎಗೋ ಓದುತ್ತಿದ್ದಾರೆ. ಅವರ ಕಣ್ಣಿಗೆ ನನ್ನ ಎರಡು ಪದವಿಗಳ ಉಪಯೋಗ ಒಂದೇ: ಹಳೆಯ ಪತ್ರಿಕೆಗಳ ನಡುವೆ ಒಣಗಲು ಇಟ್ಟ ಗಿಡಗಳ ಮೇಲೆ ಹೇರಲು ಬೇಕಾದಷ್ಟು ಕಲ್ಲು ಕೋಣೆಯಲ್ಲೇ ಸಿಗುತ್ತದೆ.

ಆ ವರ್ಷ ಎರಡೂ ಕಡೆ ಯೋಜನಾ ವರದಿ ಕೊಡಬೇಕಿತ್ತು. ಒಂದೇ ಗುಡ್ಡ, ಒಂದೇ ಬಸ್ ಚಾರ್ಜು, ಎರಡು ವರದಿ. ಹಾವೇರಿಯವರ ಲೆಕ್ಕ ಇಂಥದ್ದೇ.

ಕಾಕಾ ಪತ್ರವನ್ನು ಮಡಚಿ ಕೊಟ್ಟರು. “ಬೇಸರ ಮಾಡಿಕೊಳ್ಳಬೇಡ. ಗಿಡದವರು ಬಂದರೆ ಇಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಸುತ್ತಿಗೆ ಹಿಡಿದವರು ಗುಡ್ಡ ಹತ್ತಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ.”

ಈ ಮಾತಿನ ಹಿಂದೆ ಎಷ್ಟು ವರ್ಷಗಳಿವೆ ಎಂಬುದು ನನಗೆ ಗೊತ್ತಿತ್ತು. ರಾಬರ್ಟ್ ಬ್ರೂಸ್ ಫುಟ್ ಎಂಬ ಭೂವಿಜ್ಞಾನಿ ದಂಬಳದ ಗುಡ್ಡಗಳ, ಎಂದರೆ ಇದೇ ಗುಡ್ಡಸಾಲಿನ, ಚಿನ್ನದ ಶಿಲೆಗಳ ಬಗ್ಗೆ ಬರೆದದ್ದು 1874ರಲ್ಲಿ. ಅವನಿಗಿಂತ ಮುಂಚೆಯೇ ಜಾಲಗಾರರು ಈ ಸುತ್ತಿನ ಹಳ್ಳಗಳ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದರು. ನಾನು ಓದುವ ಊರಿನ ಹೆಸರನ್ನು ಈ ಹಳೆಯ ಶಿಲೆಗಳಿಗೆ ಇಟ್ಟವನೂ ಫುಟ್‌ನೇ. ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿಗೂ ‘ಧಾರವಾಡ’ ಎಂದರೆ ಪೇಢೆಯಲ್ಲ, ಕಲ್ಲು. ಆದರೆ ಗುಡ್ಡದ ಕೆಳಗಿನವರಿಗೆ ಕಲ್ಲು ಬಲ್ಲವರೆಂದರೆ ಗಣಿಗಿಂತ ಮುಂಚೆ ಬರುವವರು. 2011ರಲ್ಲಿ ಹಳ್ಳಿಗುಡಿಯ ಬಳಿ ಬರಬೇಕಿದ್ದ ಉಕ್ಕಿನ ಕಾರ್ಖಾನೆಯನ್ನು ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತು ವಿರೋಧಿಸಿದರು, ಅದು ಬರಲಿಲ್ಲ. ಗುಡ್ಡಕ್ಕೆ 2015ರಲ್ಲಿ ಸಂರಕ್ಷಿತ ಮೀಸಲಿನ ಪಟ್ಟ ಬಂತು, ಮರುವರ್ಷ ಹೋಯಿತು, ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಇಷ್ಟೆಲ್ಲ ಜಗ್ಗಾಟ ಕಂಡ ಜನ ನನ್ನ ಸುತ್ತಿಗೆಯನ್ನು ಅನುಮಾನದಿಂದ ನೋಡಿದರೆ ಅದು ಅವರ ತಪ್ಪಲ್ಲ.

ಕಾಕಾ ದಾಖಲೆ ಪುಸ್ತಕ ತೆಗೆದು ನನ್ನ ಹೆಸರಿನ ಮುಂದೆ ‘ಗಿಡ’ ಎಂದು ಬರೆದರು. ಅದರ ಕೆಳಗೆ: ‘ಸುತ್ತಿಗೆ 1, ಕೋಣೆಯಲ್ಲಿ ಇಡಲಾಗಿದೆ.’ ಜೊತೆಗೆ ಒಬ್ಬ ಕಿರಿಯ ಕಾವಲುಗಾರನನ್ನು ಕಳಿಸಿದರು. ಗುಡ್ಡದಲ್ಲಿ ತೋಳ, ಕತ್ತೆಕಿರುಬ, ಚಿರತೆ ಇವೆ. ಒಬ್ಬಳೇ ಹೋಗುವ ಮಾತೇ ಇರಲಿಲ್ಲ.

ಸುತ್ತಿಗೆ ಇಲ್ಲದ ಭೂವಿಜ್ಞಾನಿ ಎಂದರೆ ಲಟ್ಟಣಿಗೆ ಇಲ್ಲದ ಚಪಾತಿಯವಳು. ಬಿಸಿಲು, ಮಳೆ ತಿಂದ ಮೇಲ್ಮೈ ಸುಳ್ಳು ಹೇಳುತ್ತದೆ, ಒಡೆದ ಹಸಿ ಮುಖವನ್ನೇ ನೋಡಿ ಎಂದು ನಮಗೆ ಮೊದಲ ವಾರದಿಂದ ಹೇಳಿಕೊಟ್ಟಿದ್ದಾರೆ. ಮೊದಲ ಒಂದು ತಾಸು ಸಿಟ್ಟಿನಲ್ಲೇ ಹತ್ತಿದೆ. ಗಾಳಿಯಂತ್ರಗಳು ನೆತ್ತಿಯ ಮೇಲೆ ತಮ್ಮ ಪಾಡಿಗೆ ತಿರುಗುತ್ತಿದ್ದವು.

ಏರು ಮುಗಿಯುವ ಕಡೆ ನಾನು ಹುಡುಕುತ್ತಿದ್ದ ಕಲ್ಲು ನೆಲದಿಂದ ಎದ್ದು ನಿಂತಿತ್ತು: ಪಟ್ಟೆ ಕಬ್ಬಿಣಶಿಲೆ. ಬೆರಳ ದಪ್ಪದ ಒಂದು ಕೆಂಗಪ್ಪು ಪಟ್ಟೆ, ಅದರ ಮೇಲೆ ಬೂದುಬಿಳಿ ಪಟ್ಟೆ, ಮತ್ತೆ ಕೆಂಗಪ್ಪು. ಇಳಕಲ್ ಸೀರೆಯ ಅಂಚನ್ನು ಯಾರೋ ಮಡಚಿ ಹಿಂಡಿದಂತೆ ಒಂದು ಕಡೆ ಪಟ್ಟೆಗಳೆಲ್ಲ ಬಳುಕಿ ಮಡಿಕೆ ಬಿದ್ದಿದ್ದವು. ಕಾಲ ಬಳಿ ಬಿದ್ದಿದ್ದ ಒಂದು ಚೂರನ್ನು ಟೈಲ್ಸಿನ ಒರಟು ಬೆನ್ನಿಗೆ ತಿಕ್ಕಿದೆ. ಇಟ್ಟಿಗೆ ಕೆಂಪಿನ ಗೆರೆ ಬಿತ್ತು, ಹೆಮಟೈಟ್ ಎಂಬ ಕಬ್ಬಿಣದ ಅದಿರು. ಇನ್ನೊಂದು ಚೂರು ಕರಿ ಗೆರೆ ಎಳೆಯಿತು. ಅಯಸ್ಕಾಂತ ತಂದರೆ ಟಕ್ಕೆಂದು ಹಿಡಿದುಕೊಂಡಿತು, ಮ್ಯಾಗ್ನಟೈಟ್, ಅದೂ ಕಬ್ಬಿಣದ್ದೇ. ನೋಡಿ ಎರಡನ್ನೂ ಇದ್ದಲ್ಲೇ ಇಟ್ಟೆ.

ಮ್ಯಾಗ್ನಟೈಟ್ ಇದೆ ಎಂದು ಕೈಯಾರೆ ಪರೀಕ್ಷೆ ಮಾಡಿದವಳು ಮುಂದಿನ ಕ್ಷಣದಲ್ಲೇ ಅದನ್ನು ಮರೆತೆ. ಪಟ್ಟೆಗಳು ಯಾವ ದಿಕ್ಕಿಗೆ ಓಡುತ್ತವೆ ಎಂದು ಅಳೆಯಲು ದಿಕ್ಸೂಚಿಯನ್ನು ಬಂಡೆಗೇ ತಾಗಿಸಿ ಹಿಡಿದೆ. ಧಾರವಾಡ ಶಿಲೆಗಳು ಸಾಮಾನ್ಯವಾಗಿ ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ ಸಾಗುತ್ತವೆ ಎಂದು ಬಾಯಿಪಾಠವಾಗಿದೆ. ನನ್ನ ಮುಳ್ಳು ಹೆಚ್ಚುಕಡಿಮೆ ಪೂರ್ವ ಪಶ್ಚಿಮ ಎನ್ನುತ್ತಿದೆ! ನಾಲ್ಕು ಹೆಜ್ಜೆ ಸರಿದು ಹಿಡಿದರೆ ಇನ್ನೊಂದು ದಿಕ್ಕು. ಹೊಸದೇನನ್ನೋ ಕಂಡುಹಿಡಿದೆ ಎಂದು ಅರ್ಧ ನಿಮಿಷ ಎದೆ ಹಾರಿತು. ಜೊತೆಗಿದ್ದ ಹುಡುಗ, “ಅಕ್ಕಾ, ನಿಮ್ಮ ಗಡಿಯಾರ ಕೆಟ್ಟಿದೆಯೇ?” ಎಂದು ಕೇಳಿದ. ಕೆಟ್ಟದ್ದು ಗಡಿಯಾರವಲ್ಲ, ನನ್ನ ತಲೆ. ಮುಳ್ಳನ್ನು ಬಂಡೆಯೇ ಎಳೆಯುತ್ತಿತ್ತು. ಕೊನೆಗೆ ಪಟ್ಟೆಯ ಗುಂಟ ನೂರು ಹೆಜ್ಜೆ ನಡೆದು, ಎರಡು ತುದಿಗಳನ್ನು ಮೊಬೈಲ್ ನಕ್ಷೆಯಲ್ಲಿ ಗುರುತು ಹಾಕಿ ನಡುವೆ ಗೆರೆ ಎಳೆದೆ. ಬಾಯಿಪಾಠ ಸರಿಯಾಗಿತ್ತು.

ಈ ಕಲ್ಲು ನನ್ನ ಎರಡೂ ಪಠ್ಯಗಳಲ್ಲಿದೆ. ಭೂವಿಜ್ಞಾನದಲ್ಲಿ ಇದು ಅದಿರಿನ ಅಧ್ಯಾಯ: ಎಷ್ಟು ಕಬ್ಬಿಣ, ಎಷ್ಟು ಸಿಲಿಕ, 250 ಕೋಟಿ ವರ್ಷಕ್ಕೂ ಹಿಂದಿನದು. ಜೀವಶಾಸ್ತ್ರದಲ್ಲಿ ಆಮ್ಲಜನಕದ ಹುಟ್ಟಿನ ಅಧ್ಯಾಯದಲ್ಲಿ ಒಂದೇ ಸಾಲು. ಆಗಿನ ಕಡಲ ನೀರಿನಲ್ಲಿ ಕಬ್ಬಿಣ ಕರಗಿತ್ತು; ಬಿಸಿಲುಂಡು ಬದುಕುತ್ತಿದ್ದ ಸೂಕ್ಷ್ಮಜೀವಿಗಳು ಬಿಟ್ಟ ಆಮ್ಲಜನಕ ತಾಗಿ ಅದು ತುಕ್ಕಾಗಿ ತಳಕ್ಕೆ ಕುಳಿತಿತು ಎಂಬುದು ಇದರ ಬಗ್ಗೆ ಇರುವ ಮುಖ್ಯ ವಿವರಣೆಗಳಲ್ಲಿ ಒಂದು. ಅದಿರಿನ ಅಧ್ಯಾಯ ಬರೆದವರು ಈ ಜೀವಿಗಳಿಗೆ ಅರ್ಧ ಪುಟವನ್ನಾದರೂ ಕೊಡಬಹುದಿತ್ತು.

ಮಧ್ಯಾಹ್ನ ಹಗ್ಗ, ಗೂಟ ತೆಗೆದೆವು. ಐದು ಮೀಟರಿಗೆ ಐದು ಮೀಟರ್ ಚೌಕ ಹಾಕಿ ಒಳಗಿನ ಪೊದೆಗಳನ್ನು ಎಣಿಸುವ ಕೆಲಸ. ಹುಡುಗ ಕುರಿ ಕಾಯ್ದ ಮನೆಯವನು. ನಾನು ಎಲೆಯ ಜೋಡಣೆ, ಕಾಯಿಯ ಆಕಾರ ನೋಡಿ ತಡವರಿಸುವಷ್ಟರಲ್ಲಿ ಅವನು “ಬಂದರಿಕೆ, ಕುರಿ ಮುಟ್ಟುವುದಿಲ್ಲ, ಕವಳಿ, ಕಾಯಿ ಮುಗಿದಿವೆ, ಇದು ಹಲವು ಮಕ್ಕಳ ತಾಯಿ ಬೇರು” ಎಂದು ಎಣಿಕೆಯನ್ನೂ ಮುಗಿಸುತ್ತಿದ್ದ. ಕಬ್ಬಿಣಶಿಲೆಯ ನೆತ್ತಿಯ ಮೇಲೆ ಬರೀ ಹುಲ್ಲು, ಅಲ್ಲೊಂದು ಇಲ್ಲೊಂದು ಕುಳ್ಳ ಪೊದೆ. ಇಪ್ಪತ್ತು ಹೆಜ್ಜೆ ಇಳಿದು ಪದರುಗಲ್ಲಿನ ಮೇಲೆ ಮಣ್ಣು ಸಿಕ್ಕಿತೋ ಇಲ್ಲವೋ, ಬಂದರಿಕೆ ಒತ್ತಾಗಿ ನಿಂತಿದೆ.

ನೆಳಲಲ್ಲಿ ರೊಟ್ಟಿ ಮುರಿಯುತ್ತಾ ಒಂದು ಆಟ ಮಾಡಿದೆ. ಒಂದು ಪುಸ್ತಕದಲ್ಲಿ ಎರಡು ಕಲ್ಲುಗಳು ಕೂಡುವ ಗೆರೆ ಬರೆದಿದ್ದೆ, ಇನ್ನೊಂದರಲ್ಲಿ ಪೊದೆ ಶುರುವಾಗುವ ಗೆರೆ. ಅಳತೆ ಒಂದೇ. ಎರಡು ಹಾಳೆಗಳನ್ನು ಹರಿದು ಒಂದರ ಮೇಲೊಂದಿಟ್ಟು ಬಿಸಿಲಿಗೆ ಹಿಡಿದೆ. ಗೆರೆಗಳು ಹೆಚ್ಚುಕಡಿಮೆ ಒಂದೇ ದಾರಿ ಹಿಡಿದಿದ್ದವು. ಒಂದು ಕಡೆ ಮಾತ್ರ ಪೊದೆಯ ಗೆರೆ ಮೂತಿ ಚಾಚಿ ಕಬ್ಬಿಣದ ಸೀಮೆಗೆ ನುಗ್ಗಿತ್ತು.

“ಅಲ್ಲಿ ಗುಂಡಿ ಇತ್ತು, ಅಕ್ಕಾ” ಎಂದ ಹುಡುಗ. “ಕಲ್ಲು ನೋಡುವವರು ತೋಡಿದ್ದಂತೆ. ನಮ್ಮ ಅಜ್ಜ ಹೇಳುತ್ತಿದ್ದ. ಆಮೇಲೆ ಮಣ್ಣು ತುಂಬಿಕೊಂಡಿತು.”

ಹೋಗಿ ನೋಡಿದೆವು. ಉದ್ದಕ್ಕೆ ತಗ್ಗಿದ ನೆಲ, ಅದರ ತುಂಬ ಬಂದರಿಕೆ. ಎರಡು ವರದಿಗಳಲ್ಲಿ ಯಾವುದಕ್ಕೆ ಇದು ಸೇರಬೇಕು ಎಂಬುದು ಆಗ ಹೊಳೆಯಲಿಲ್ಲ. ಕೊನೆಗೆ ಎರಡರಲ್ಲೂ ಬರೆದೆ. ಮೂರು ಚೌಕ ಎಣಿಸಿ ಸಿದ್ಧಾಂತ ಕಟ್ಟಲಾಗುವುದಿಲ್ಲ ಎಂಬುದನ್ನೂ ಬರೆದೆ.

ಇಳಿಯುವಾಗ ಒಂದು ಬಂಡೆಯ ಬಡಗಣ ಮುಖದ ಮೇಲೆ ಬೂದು ಹಸಿರಿನ ದುಂಡು ಚಕ್ಕೆಗಳು. ಕಲ್ಲುಹೂವು. ನಮ್ಮ ಅವ್ವ ಬ್ಯಾಡಗಿ ಮೆಣಸಿನಕಾಯಿಯ ಮಸಾಲೆ ಖಾರಕ್ಕೆ ಹುರಿದು ಹಾಕುವುದು ಇದರ ಬಳಗದ್ದೇ. ಶಿಲೀಂಧ್ರವೂ ಪಾಚಿಯೂ ಕೂಡಿ ಮಾಡಿದ ಸಂಸಾರ. ಆಮ್ಲ ಒಸರಿ, ಕೂದಲಿಗಿಂತ ಸಣ್ಣ ಎಳೆಗಳನ್ನು ಊರಿ ಕಲ್ಲನ್ನು ಕಣಕಣವಾಗಿ ಸಡಿಲಿಸುತ್ತದೆ. ಭೂತಗನ್ನಡಿ ಹಿಡಿದರೆ ಚಕ್ಕೆಯ ಅಂಚಿನಲ್ಲಿ ಸಾಸಿವೆಯ ಕಾಲು ಭಾಗದಷ್ಟು ಕೆಂಪು ಧೂಳು ಕಂಡಿತು. ನನ್ನ ಸುತ್ತಿಗೆ ಕೆಳಗೆ ಕೋಣೆಯಲ್ಲಿತ್ತು. ಇದರ ಸುತ್ತಿಗೆಗೆ ಯಾರ ಪತ್ರವೂ ಬೇಕಿರಲಿಲ್ಲ.

ಸಂಜೆ ಕಾಕಾ ಚೀಲ ಬಿಚ್ಚಿಸಿ ನೋಡಿದರು. ಧಾಮದೊಳಗಿಂದ ಅನುಮತಿ ಇಲ್ಲದೆ ಏನನ್ನೂ ಒಯ್ಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕಲ್ಲಿಲ್ಲ, ಎಲೆಯಿಲ್ಲ. ಸುತ್ತಿಗೆಯನ್ನು ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟರು. “ಬಸ್ಸಿನಲ್ಲಿ ಯಾರಿಗೂ ಕಾಣುವುದು ಬೇಡ” ಎಂದರು. ನಾನು ‘ಮರಳಿ ಪಡೆದಿದ್ದೇನೆ’ ಎಂದು ಸಹಿ ಹಾಕಿದೆ. ಆಗ ಅವರ ಕಣ್ಣು ನನ್ನ ಚೂಡಿದಾರದ ಅಂಚಿಗೆ ಹೋಯಿತು. ಮೊಣಕಾಲಿನವರೆಗೆ ಊಬಿನ ಹುಲ್ಲಿನ ಮುಳ್ಳುಗಳು ಸಾಲುಸಾಲಾಗಿ ನಾಟಿದ್ದವು.

“ಇವನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ” ಎಂದು ನಕ್ಕರು.

ಗದಗದ ಬಸ್ಸಿನಲ್ಲಿ ಅವನ್ನು ಒಂದೊಂದಾಗಿ ಕಿತ್ತೆ. ಪಕ್ಕದ ಅಜ್ಜಿಯ ತೊಡೆಯ ಮೇಲೆ ಕುಳಿತ ಹುಡುಗಿ ನೋಡುತ್ತಲೇ ಇದ್ದಳು. ಒಂದು ಊಬನ್ನು ಅಂಗೈಯಲ್ಲಿಟ್ಟು ಬಾಟಲಿಯ ನೀರಿನ ಒಂದು ಹನಿ ಬಿಟ್ಟೆ. ಹುರಿಗೊಂಡ ಬಾಲ ಸಡಿಲಾಗಿ ಮೆಲ್ಲಗೆ ಸುತ್ತತೊಡಗಿತು, ನೆಲಕ್ಕೆ ಬಿದ್ದ ಬೀಜ ತನ್ನನ್ನು ತಾನೇ ಕೊರೆದು ನೆಡುವುದು ಹೀಗೆಯೇ. ಹುಡುಗಿ ಉಳಿದವನ್ನೆಲ್ಲ ಕೇಳಿ ಇಸಿದುಕೊಂಡಳು. ನೀರು ಮುಗಿದ ಮೇಲೂ ಬಿಡಲಿಲ್ಲ. ಗದಗ ಬರುವವರೆಗೆ ಎಂಜಲು ಹಚ್ಚಿ ತಿರುಗಿಸುತ್ತಿದ್ದಳು, ಅಜ್ಜಿ ಬೈಯುತ್ತಿದ್ದಳು.