ಎಡ್ಜ್ ಆಫ್ ಟುಮಾರೋಗೆ ನಮ್ಮದೊಂದು ಕೊನೆ: ಅಡಿಕೆ ಹಾಳೆಯ ಸೈನಿಕರು, ಸುರಂಗದ ಶೂಟಿಂಗ್

ಏಪ್ರಿಲ್, ಬಿಸು ಕಳೆದ ವಾರ

ಕೊನೆಗೂ ಶುರು ಮಾಡಿದೆ. ಕಾಸರಗೋಡಿನ ಬದಿಯಡ್ಕ ಹತ್ತಿರದ ನಮ್ಮ ಮನೆಯ ಅಟ್ಟವೇ ಸ್ಟುಡಿಯೋ. 2014ರ 'ಎಡ್ಜ್ ಆಫ್ ಟುಮಾರೋ' ಸಿನಿಮಾಕ್ಕೆ ನನಗೆ ಬೇಕಾದ ಕೊನೆಯನ್ನು ಸ್ಟಾಪ್ ಮೋಷನ್‌ನಲ್ಲಿ, ಅಂದರೆ ಗೊಂಬೆಗಳನ್ನು ಚೂರು ಚೂರೇ ಸರಿಸಿ ಒಂದೊಂದೇ ಫೋಟೋ ತೆಗೆದು ಜೋಡಿಸಿ, ಮಾಡುತ್ತಿದ್ದೇನೆ. ಉದ್ದ 3 ನಿಮಿಷ 20 ಸೆಕೆಂಡು. ಸೆಕೆಂಡಿಗೆ 12 ಫೋಟೋ, ಒಟ್ಟು 2400.

ಸಿನಿಮಾ ನೋಡದವರು ಮೊದಲು ನೋಡಿ ಬನ್ನಿ, ಮುಂದೆ ಎಲ್ಲ ಗುಟ್ಟೂ ಹೇಳುತ್ತೇನೆ. ಬೇರೆ ಗ್ರಹದಿಂದ ಬಂದ ಜೀವಿಗಳ ಜೊತೆ ಮನುಷ್ಯರ ಯುದ್ಧದ ಕಥೆ ಇದು. ನಾಯಕ ಕೇಜ್ ಸೇನೆಯ ಪ್ರಚಾರ ವಿಭಾಗದ ಅಧಿಕಾರಿ. ಯುದ್ಧವನ್ನೇ ಮಾಡಿದವನಲ್ಲ. ಮೊದಲ ದಿನವೇ ಒಂದು ಆಲ್ಫಾದ (ಆ ಜೀವಿಗಳಲ್ಲೇ ಅಪರೂಪದ ಬಗೆ) ರಕ್ತ ಮೈಮೇಲೆ ಬಿದ್ದು ಸಾಯುತ್ತಾನೆ. ಆಮೇಲೆ ಸತ್ತಾಗಲೆಲ್ಲ ಹಿಂದಿನ ದಿನ ಹೀಥ್ರೋ ನೆಲೆಯಲ್ಲಿ ಅದೇ ಬೈಗುಳ ಕೇಳಿ ಎಚ್ಚರವಾಗುತ್ತದೆ. ಯುದ್ಧದಲ್ಲಿ ಪಳಗಿದ ರೀಟಾ ಅವನಿಗೆ ಕಾದಾಡಲು ಕಲಿಸುತ್ತಾಳೆ. ಕೊನೆಗೆ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಅಡಿಯ ನೀರಿನಲ್ಲಿ ಅಡಗಿರುವ, ಆ ಜೀವಿಗಳನ್ನೆಲ್ಲ ನಡೆಸುವ ಒಮೇಗಾವನ್ನು ಸ್ಫೋಟಿಸಿ ಸಾಯುತ್ತಾನೆ. ಒಮೇಗಾದ ರಕ್ತ ಅವನನ್ನು ಸುತ್ತಿಕೊಳ್ಳುತ್ತದೆ. ಕಾಲ ಮತ್ತೆ ಹಿಂದೆ ಹೋಗಿ, ಎಚ್ಚರವಾದಾಗ ಹೆಲಿಕಾಪ್ಟರ್‌ನಲ್ಲಿದ್ದಾನೆ. ಯುದ್ಧ ಗೆದ್ದಾಗಿದೆ, ಎಲ್ಲರೂ ಬದುಕಿದ್ದಾರೆ, ರೀಟಾ ಕೂಡ.

ಆ ಕೊನೆ ನನ್ನನ್ನು ಹತ್ತು ವರ್ಷದಿಂದ ಕಾಡುತ್ತಿದೆ. ಪ್ಯಾರಿಸ್‌ಗೆ ಹೊರಡುವಾಗ ಕೇಜ್‌ಗೆ ಸತ್ತು ಮತ್ತೆ ಏಳುವ ಆ ಶಕ್ತಿ ಇರುವುದಿಲ್ಲ. ಬೇರೆಯವರ ರಕ್ತ ಕೊಟ್ಟ ಮೇಲೆ ಅದು ಹೋಗಿರುತ್ತದೆ. ಈ ಸಲ ಸತ್ತರೆ ಸತ್ತಂತೆಯೇ. ಅದು ಗೊತ್ತಿದ್ದೇ ಅವನ ತುಕಡಿ ಜೆ ಸ್ಕ್ವಾಡ್‌ನವರು ಅವನ ಜೊತೆ ಹೊರಡುತ್ತಾರೆ. ಇಡೀ ಸಿನಿಮಾದಲ್ಲಿ ನನ್ನ ಎದೆ ಹೊಡೆದುಕೊಂಡದ್ದು ಅಲ್ಲೇ. ಐದು ನಿಮಿಷ ಬಿಟ್ಟು ಅದನ್ನು ಅಳಿಸಿ ಹಾಕಿದರೆ ಅವರು ಹೊರಟದ್ದಕ್ಕೆ ಏನು ಬೆಲೆ?

ಮೇ ಮೊದಲ ವಾರ

ಮಳೆಗೆ ಮೊದಲು ಸುರಂಗದ ಶಾಟ್ ಮುಗಿಸಲೇಬೇಕಿತ್ತು. ನಮ್ಮ ಕಡೆಯವರಿಗೆ ಸುರಂಗ ಅಂದರೆ ಗೊತ್ತು. ಬೇರೆಯವರಿಗೆ ಹೇಳುತ್ತೇನೆ: ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ಬಾವಿ ಅದು. ನಮ್ಮದು ಅಜ್ಜನ ಕಾಲದ್ದು. ಒಬ್ಬ ಬಗ್ಗಿ ಹೋಗುವಷ್ಟು ಅಗಲ. ಬೇಸಿಗೆಯಲ್ಲಿ ಪಾದ ಮುಳುಗುವಷ್ಟು ನೀರಿರುತ್ತದೆ.

ಲೂವ್ರ್ ತಳಕ್ಕೆ ಇದಕ್ಕಿಂತ ಒಳ್ಳೆಯ ಸೆಟ್ ಎಲ್ಲಿ ಸಿಗುತ್ತದೆ? ಎರಡು ಟಾರ್ಚ್‌ಗೆ ನೀಲಿ ಕಾಗದ ಕಟ್ಟಿದೆವು. ಗೋಡೆಯ ಒದ್ದೆ ಕಲ್ಲು ಉಸಿರಾಡುವ ಪ್ರಾಣಿಯ ಹಾಗೆ ಹೊಳೆಯಿತು. ಅಣ್ಣನ ಮಗಳು ಬಾಯಲ್ಲಿ ಕ್ಯಾಮೆರಾ ರಿಮೋಟ್ ಕಚ್ಚಿಕೊಂಡು, ಎರಡೂ ಕೈಯಲ್ಲಿ ಟಾರ್ಚ್ ಹಿಡಿದು ನಿಂತಿದ್ದಳು. ಬಾವಲಿಗಳು ಮೂರು ಸಲ ಕೆಲಸ ನಿಲ್ಲಿಸಿದವು. ನಾಲ್ಕು ದಿನಕ್ಕೆ 480 ಫೋಟೋ, ಅಂದರೆ 40 ಸೆಕೆಂಡು.

ಜೂನ್ ಕೊನೆ

ಸೈನಿಕರಿಗೆ ಬೂಷ್ಟು ಬಂತು. ಗೊಂಬೆ ಒಂದೊಂದೂ 15 ಸೆಂಟಿಮೀಟರ್. ಒಳಗೆ ತಂತಿ, ಮೇಲಿನ ಕವಚ ಅಡಿಕೆ ಹಾಳೆಯದು. ಹಾಳೆಯನ್ನು ನೆನೆಸಿದರೆ ಹೇಳಿದ ಹಾಗೆ ಬಗ್ಗುತ್ತದೆ, ಒಣಗಿದರೆ ಗಟ್ಟಿ. ಹೆಲ್ಮೆಟ್ ಮಾಡಿದ್ದು ಥೇಟ್ ಹಾಳೆಟೊಪ್ಪಿಯ ಕ್ರಮದಲ್ಲೇ, ಅಮ್ಮ ಮಡಚಿ ತೋರಿಸಿದ್ದು. ಆದರೆ ಮಳೆ ಹಿಡಿದ ಮೇಲೆ ಆರು ಗೊಂಬೆಗಳಲ್ಲಿ ನಾಲ್ಕಕ್ಕೆ ಬಿಳಿ ಬೂಷ್ಟು. ಬಿಚ್ಚಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟು, ವಾರ್ನಿಷ್ ಹೊಡೆದೆ. ಹೊಗೆ ಹಿಡಿದ ಬಣ್ಣ ಮೊದಲಿಗಿಂತ ಚೆನ್ನಾಗಿದೆ. ಯುದ್ಧ ಕಂಡ ಕವಚದ ಹಾಗೆ.

ನಡಿಗೆ ಮಾತ್ರ ಬಹಳ ಕಾಡಿತು. ನನ್ನ ಗೊಂಬೆಗಳು ಹಗುರಾಗಿ ಕುಪ್ಪಳಿಸುತ್ತಿದ್ದವು. ಭಾರ ಹೊತ್ತವರು ಹೇಗೆ ನಡೆಯುತ್ತಾರೆ? ಉತ್ತರ ಸಿಕ್ಕಿದ್ದು ಹಳೆಯ ಯಕ್ಷಗಾನದ ವಿಡಿಯೋದಲ್ಲಿ. ದೊಡ್ಡ ಕಿರೀಟ ಕಟ್ಟಿದ ಬಣ್ಣದ ವೇಷ ಕುತ್ತಿಗೆಯನ್ನಷ್ಟೇ ತಿರುಗಿಸುವುದಿಲ್ಲ. ಎದೆಯೇ ತಿರುಗುತ್ತದೆ. ಹೆಜ್ಜೆ ಎತ್ತುವ ಮೊದಲು ಭಾರ ಇನ್ನೊಂದು ಕಾಲಿಗೆ ಇಳಿಯುತ್ತದೆ. ಆ ಒಂದು ಕ್ಷಣವನ್ನು ಮೂರು ಫೋಟೋದಷ್ಟು ಹಿಡಿದೆ. ಗೊಂಬೆಗೆ ತೂಕ ಬಂತು! ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿ ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಆಟಿ ತಿಂಗಳು

ಶೂಟಿಂಗ್ ಇಲ್ಲ, ಕರೆಂಟೂ ಇಲ್ಲ. ಸ್ಕ್ರಿಪ್ಟ್ ಮೇಲೆ ಕೂತಿದ್ದೇವೆ. ಕಷ್ಟ ಇದ್ದದ್ದು ಒಂದೇ ಕಡೆ. ಸಿನಿಮಾದಲ್ಲಿ ನೀರಿನೊಳಗೆ ಆಲ್ಫಾ ಕೇಜ್‌ನನ್ನು ಇರಿಯುತ್ತದೆ. ಅವನು ಬದುಕಬೇಕಾದರೆ ನಾನೊಂದು ಹೊಸ ನಿಯಮ ಹುಟ್ಟಿಸಬೇಕು. ಅದು ನನಗೆ ಇಷ್ಟವಿಲ್ಲ, ಮೋಸ ಅನಿಸುತ್ತದೆ. ದಾರಿ ಹುಡುಕಿದ್ದು ಅಣ್ಣನ ಮಗಳು. 'ರೀಟಾ ಆಲ್ಫಾವನ್ನು ಇನ್ನೊಂದು ಐದು ಸೆಕೆಂಡು ತಡೆದರೆ ಸಾಕು ಅಲ್ವಾ ಚಿಕ್ಕಪ್ಪಾ?' ಅಷ್ಟೇ. ರೀಟಾ ಸಾಯುತ್ತಾಳೆ, ಕೇಜ್ ಗ್ರೆನೇಡ್ ಬಿಟ್ಟು ಮೇಲೆ ಈಜುತ್ತಾನೆ, ಆ ರಕ್ತ ಅವನನ್ನು ಮುಟ್ಟುವುದೇ ಇಲ್ಲ. ಕಾಲ ಹಿಂದೆ ಹೋಗುವುದಿಲ್ಲ.

ಆಮೇಲಿನದು ನನ್ನದು. ಬೆಳಗಾಗುತ್ತದೆ. ಲೂವ್ರ್ ಅಂಗಳದ ಒಡೆದ ಗಾಜಿನ ಪಿರಮಿಡ್ ಪಕ್ಕ ಕೇಜ್ ಕೂತಿದ್ದಾನೆ. ಎಷ್ಟೋ ನೂರು ಸಲ ಅವನನ್ನು ಎಬ್ಬಿಸಿದ ಆ ಬೈಗುಳಕ್ಕೆ ಕಾಯುತ್ತಾನೆ. ಮೈ ಬಿಗಿ ಹಿಡಿಯುತ್ತಾನೆ. ಯಾರೂ ಬೈಯುವುದಿಲ್ಲ. ಮುಂದಿನ ಗಳಿಗೆ ಏನಾಗುತ್ತದೆಂದು ಅವನಿಗೆ ಗೊತ್ತಿಲ್ಲದ ಮೊದಲ ಬೆಳಗು ಅದು. ಎದ್ದು ಜೆ ಸ್ಕ್ವಾಡ್‌ನವರ ಹೆಲ್ಮೆಟ್ ಒಂದೊಂದಾಗಿ ಹೆಕ್ಕುತ್ತಾನೆ. ಅವರಿಗೆ ಅವನು ಒಂದೇ ದಿನದ ಪರಿಚಯ. ಅವನಿಗೆ ಅವರು ಎಷ್ಟೋ ಕಾಲದ ಒಡನಾಡಿಗಳು. ಆ ಹೆಲ್ಮೆಟ್ ಹಿಡಿದು ಅವರವರ ಮನೆಗೆ ಹೋಗುತ್ತಾನೆ.

ಇದಕ್ಕೆ ಬೀಜ ಸಿನಿಮಾದಲ್ಲೇ ಇದೆ. ಹಿಂದಿನ ವರ್ಡನ್ ಯುದ್ಧದಲ್ಲಿ ಆ ಶಕ್ತಿ ರೀಟಾಗೆ ಇತ್ತು. ತನಗೆ ಬೇಕಾದವನೊಬ್ಬ 300 ಸಲ ಸಾಯುವುದನ್ನು ಅವಳು ನೋಡಿದ್ದಾಳೆ. ಅವನ ಬಗ್ಗೆ ಮಾತಾಡಲೂ ಅವಳಿಗೆ ಆಗುವುದಿಲ್ಲ. ಕೇಜ್ ಮಾತಾಡಲಿ, ಅನ್ನುವುದು ನನ್ನ ಆಸೆ.

ಬೇರೆಯವರ ಕಥೆಯ ಕೊನೆಯನ್ನು ಮುಟ್ಟಲು ನಿನಗೇನು ಹಕ್ಕು ಅಂತ ಒಬ್ಬ ಗೆಳೆಯ ಕೇಳಿದ. ಕುಮಾರವ್ಯಾಸ ಮಹಾಭಾರತವನ್ನು ಗದಾಪರ್ವದವರೆಗೆ, ಹತ್ತು ಪರ್ವ ಬರೆದು ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಮಹಾಭಾರತದಲ್ಲಿ ಯುದ್ಧ ಮುಗಿದ ಮೇಲೆ ಹೆಂಗಸರು ರಣರಂಗಕ್ಕೆ ಬಂದು ತಮ್ಮವರನ್ನು ಹುಡುಕುವ ಸ್ತ್ರೀಪರ್ವವೂ ಇದೆ. ನನಗೆ ಬೇಕಾದದ್ದೂ ಆ ಭಾಗವೇ. ಗೆಳೆಯನಿಗೆ ಇಷ್ಟೇ ಹೇಳಿದೆ.

ಆಗಸ್ಟ್ ಕೊನೆ

ಲೆಕ್ಕ: 1440 ಫೋಟೋ ಆಯಿತು, ಸರಿಯಾಗಿ 2 ನಿಮಿಷ. ಉಳಿದದ್ದು 960. ಪಿರಮಿಡ್‌ಗೆ ಹಳೆ ಫೋಟೋ ಫ್ರೇಮ್‌ಗಳ ಗಾಜು ಸಾಕಾಯಿತು. ಬೆಳಗಿನ ಶಾಟ್ ಚೆನ್ನಾಗಿ ಬಂದಿದೆ. ಕೇಜ್ ಬೈಗುಳಕ್ಕೆ ಕಾಯುವ ಕಡೆ ಮೊದಲು 2 ಸೆಕೆಂಡು ಇಟ್ಟಿದ್ದೆ, ಈಗ 6 ಮಾಡಿದ್ದೇನೆ. ಆರು ಸೆಕೆಂಡು ಏನೂ ಆಗುವುದಿಲ್ಲ. ಅಮ್ಮ ಅದನ್ನು ನೋಡಿ 'ಪಾಪ, ಯಾರಿಗೆ ಕಾಯ್ತಾನೆ?' ಅಂದರು. ಅವರು ಸಿನಿಮಾ ನೋಡಿಲ್ಲ.

ಸದ್ದಿಗೆ ಹಂಚಿನ ಮೇಲಿನ ಮಳೆಯನ್ನು ಮೂರು ರಾತ್ರಿ ರೆಕಾರ್ಡ್ ಮಾಡಿದ್ದೇನೆ.

ಇನ್ನು ಬಾಗಿಲಿನ ದೃಶ್ಯ. ಕೇಜ್ ಹೆಲ್ಮೆಟ್ ಹಿಡಿದು ನಿಂತಿದ್ದಾನೆ, ಒಳಗಿಂದ ಯಾರೋ ಬರುವ ಸದ್ದು, ಚಿಲಕ ಸರಿಯುತ್ತದೆ, ಅಲ್ಲಿಗೆ ಕಪ್ಪು. ಬಾಗಿಲಿಗೆ ಹಲಸಿನ ಮರದ ತುಂಡು ಸಿಕ್ಕಿದೆ. ಅಷ್ಟು ಸಣ್ಣ ಚಿಲಕ ಮಾತ್ರ ಎಲ್ಲೂ ಸಿಗಲಿಲ್ಲ. ನಾಳೆ ಹಿತ್ತಾಳೆ ತಂತಿ ಬಡಿದು ನಾವೇ ಮಾಡಬೇಕು.