ಆಕ್ಸಿಜನ್ನಿಗೂ ಅಳತೆಯುಂಟು

ಆಕ್ಸಿಜನ್ ಚಿಕಿತ್ಸೆಯ ಕುರಿತು ವೈದ್ಯರಿಗೂ ನರ್ಸ್‌ಗಳಿಗೂ ತರಬೇತಿ ಕೊಡುವ ಫೆಲೋಶಿಪ್ಪೊಂದಕ್ಕೆ ಆಯ್ಕೆಯಾದಾಗ ನಾನು ಮುಧೋಳದ ಕಡೆಯ ಒಂದು ಸಮುದಾಯ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ತರಬೇತಿ ಬೆಳಗಾವಿಯ ಬೋಧನಾ ಆಸ್ಪತ್ರೆಯೊಂದರಲ್ಲಿತ್ತು. ಅನುದಾನ ಕೊಟ್ಟವರು ನಮ್ಮ ಪ್ರಯಾಣ, ವಸತಿ, ಊಟದ ಖರ್ಚನ್ನಷ್ಟೇ ಅಲ್ಲದೆ, ನಾವು ಇಲ್ಲದಿರುವಾಗ ನಮ್ಮ ಜಾಗದಲ್ಲಿ ಕೆಲಸ ಮಾಡುವ ವೈದ್ಯರ ಸಂಬಳವನ್ನೂ ವಹಿಸಿಕೊಂಡಿದ್ದರು. ಹೆರಿಗೆ, ಹಾವು ಕಡಿತ, ಅಪಘಾತ ಯಾವ ಹೊತ್ತಿನಲ್ಲಾದರೂ ಬಾಗಿಲಿಗೆ ಬರುವ ಜಾಗವನ್ನು ಖಾಲಿ ಬಿಟ್ಟು ಕಲಿಯಲು ಹೋಗುವುದಕ್ಕೆ ಯಾವ ವೈದ್ಯನ ಮನಸ್ಸೂ ಒಪ್ಪುವುದಿಲ್ಲ. ಆದ್ದರಿಂದ ಆ ಸಂಬಳದ ಬಾಬತ್ತನ್ನೇ ನಾನು ಈ ಫೆಲೋಶಿಪ್ಪಿನ ಅತ್ಯಂತ ವಿವೇಕದ ಖರ್ಚೆಂದು ತಿಳಿಯುತ್ತೇನೆ.

2021ರ ಕೋವಿಡ್ ಎರಡನೇ ಅಲೆಯಲ್ಲಿ, ಆಕ್ಸಿಜನ್ ಸಿಗದೆ ರೋಗಿಗಳು ಸತ್ತ ಚಾಮರಾಜನಗರದ ಆ ಮೇ ತಿಂಗಳ ರಾತ್ರಿಯ ಸುದ್ದಿ ಕೇಳಿದ ಮೇಲೆ, ಆಕ್ಸಿಜನ್ ಎಂದರೆ ಎಲ್ಲರಿಗೂ ಸಿಲಿಂಡರು, ಟ್ಯಾಂಕರು, ಘಟಕ ಎಂದೇ ಆಯಿತು. ಅನಂತರ ಜಿಲ್ಲೆ ತಾಲ್ಲೂಕುಗಳಿಗೆ ಆಕ್ಸಿಜನ್ ಘಟಕಗಳೂ ಕಾನ್ಸಂಟ್ರೇಟರ್‌ಗಳೂ ಬಂದವು, ಬರಲೇಬೇಕಿತ್ತು. ಆದರೆ ಯಾರಿಗೆ, ಯಾವ ಮಾಸ್ಕಿನಿಂದ, ನಿಮಿಷಕ್ಕೆ ಎಷ್ಟು ಲೀಟರ್, ಎಲ್ಲಿಯವರೆಗೆ ಎಂದು ಹಾಸಿಗೆಯ ಪಕ್ಕದಲ್ಲಿ ನಿಂತು ತೀರ್ಮಾನಿಸುವವರ ಕಲಿಕೆಗೆ ಅಷ್ಟು ಗಮನ ಸಿಗಲಿಲ್ಲ. ಇದರ ಬೆಲೆ ಏನೆಂಬುದು ನನಗೆ ಚೆನ್ನಾಗಿ ಅರ್ಥವಾದದ್ದು ಬೆಳಗಾವಿಯ ಒಂದು ದಿನದ ವಾರ್ಡ್ ರೌಂಡಿನಲ್ಲಿ.

ಅಂದು ಬೆಳಿಗ್ಗೆ ಸವದತ್ತಿಯ ಕಡೆಯಿಂದ ಅರವತ್ತು ದಾಟಿದ ಒಬ್ಬ ಅಜ್ಜಿಯನ್ನು ಆಂಬುಲೆನ್ಸಿನಲ್ಲಿ ಕರೆತಂದಿದ್ದರು. ಬೀಡಿ, ತಂಬಾಕು ಯಾವುದನ್ನೂ ಮುಟ್ಟಿದವರಲ್ಲ. ಹತ್ತಿ ಕಟ್ಟಿಗೆ, ಕುಳ್ಳು ಉರಿಸುವ ಒಲೆಯ ಮುಂದೆ ಕುಳಿತು ಬಾಲ್ಯದಿಂದ ರೊಟ್ಟಿ ಬಡಿದವರು. ನಮ್ಮ ಹಳ್ಳಿಗಳಲ್ಲಿ ಹೆಂಗಸರಿಗೆ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ರೋಗ, ಬರುವ ದಾರಿ ಬಹುಮಟ್ಟಿಗೆ ಇದೇ; ಬೀಡಿ ಸೇದುತ್ತೀರಾ ಎಂದು ಕೇಳಿ ಇಲ್ಲವೆಂದಾಗ ವಿಚಾರಣೆ ನಿಲ್ಲಿಸಿದರೆ ರೋಗ ಕೈತಪ್ಪಿಹೋಗುತ್ತದೆ. ಕಳುಹಿಸಿದ ಆಸ್ಪತ್ರೆಯಲ್ಲಿ ನಿಮಿಷಕ್ಕೆ ಹತ್ತು ಲೀಟರಿನಂತೆ ಮಾಸ್ಕ್ ಹಚ್ಚಿದ್ದರು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 99 ತೋರಿಸುತ್ತಿತ್ತು. ಮಗ ಆ ಅಂಕಿಯನ್ನೇ ನೋಡುತ್ತ ಸಮಾಧಾನದಿಂದ ನಿಂತಿದ್ದ. ಅಜ್ಜಿ ಮಾತ್ರ ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚುತ್ತಿದ್ದರು.

ನಮ್ಮ ಮಾರ್ಗದರ್ಶಕರು ಅಂಕಿ ನೋಡುವ ಮೊದಲು ಅಜ್ಜಿಯ ಮುಖ ನೋಡಿದರು. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಎಬಿಜಿ, ಅಂದರೆ ರಕ್ತದಲ್ಲಿನ ಅನಿಲಗಳ ಪರೀಕ್ಷೆ, ಮಾಡಿಸಿದಾಗ ಕಾರ್ಬನ್ ಡೈಆಕ್ಸೈಡ್ 62, ಪಿಎಚ್ 7.31 ಬಂತು. ಇಂಥ ರೋಗಿಗಳಿಗೆ ಆಕ್ಸಿಜನ್ ಅತಿಯಾದರೆ ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲಿ ಏರಿ, ರಕ್ತ ಆಮ್ಲೀಯವಾಗಿ, ಮಂಪರು ಕವಿಯುತ್ತದೆ; ಅಜ್ಜಿಗೆ ಆದದ್ದು ಅದೇ. ಅವರು ಆಕ್ಸಿಜನ್ನನ್ನು ಒಮ್ಮೆಲೇ ತೆಗೆಯಲಿಲ್ಲ, ಹಾಗೆ ತೆಗೆದರೆ ರಕ್ತದಲ್ಲಿನ ಆಕ್ಸಿಜನ್ ಮೊದಲಿಗಿಂತಲೂ ಕೆಳಗೆ ಕುಸಿಯುವ ಅಪಾಯವಿದೆ. ಬದಲಿಗೆ ವೆಂಚುರಿ ಮಾಸ್ಕ್ ತರಿಸಿ, ಶೇಕಡಾ 28ರ ಬಿಳಿ ತುಂಡನ್ನು ಸಿಕ್ಕಿಸಿ, ಹರಿವು ಅಳೆಯುವ ಫ್ಲೋಮೀಟರಿನ ಗುಂಡು ನಿಮಿಷಕ್ಕೆ ನಾಲ್ಕು ಲೀಟರಿನ ಗೆರೆಯ ಮೇಲೆ ಸರಿಯಾಗಿ ನಡುಮಟ್ಟಕ್ಕೆ ನಿಲ್ಲುವಂತೆ ತಿರುಗಿಸಿದರು. ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗಬಹುದು, ತುಂಡಿನ ಮೇಲೆ ಅಚ್ಚಾದ ಅಂಕಿಯನ್ನೇ ಓದಿ ಎಂದು ನಮಗೆ ಹೇಳಿದರು. ಸಣ್ಣ ರಂಧ್ರದಿಂದ ರಭಸವಾಗಿ ನುಗ್ಗುವ ಆಕ್ಸಿಜನ್ ಪಕ್ಕದ ಕಿಂಡಿಗಳಿಂದ ಕೋಣೆಯ ಗಾಳಿಯನ್ನು ಗೊತ್ತಾದ ಪ್ರಮಾಣದಲ್ಲಿ ಎಳೆದುಕೊಳ್ಳುತ್ತದೆ. ರೋಗಿ ಜೋರಾಗಿ ಉಸಿರಾಡಲಿ, ಮೆಲ್ಲಗೆ ಉಸಿರಾಡಲಿ, ಸಿಗುವ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರುತ್ತದೆ. ಸ್ವಲ್ಪ ಹೊತ್ತಿನ ನಂತರ, ತಾಯಿಗೆ ಚಳಿಯಾದೀತೆಂದು ಮಗ ಕೌದಿಯನ್ನು ಗದ್ದದವರೆಗೆ ಎಳೆದು ಹೊದಿಸಿದ್ದ, ಆ ಕಿಂಡಿಗಳು ಅದರಡಿ ಮುಚ್ಚಿಹೋಗಿದ್ದವು. ಇದನ್ನು ಮೊದಲು ಗುರುತಿಸಿದವರು ವಾರ್ಡಿನ ಸಿಸ್ಟರ್. ಕೌದಿಯನ್ನು ಎದೆಯ ಕೆಳಕ್ಕೆ ಸರಿಸಿ, ಕಿಂಡಿಗಳ ಮೇಲೆ ಬಟ್ಟೆ ಬರಬಾರದೆಂದು ಅವನಿಗೆ ಬೆರಳಿಟ್ಟು ತೋರಿಸಿದರು.

ಸ್ಯಾಚುರೇಷನ್, ಅಂದರೆ ಆಕ್ಸಿಮೀಟರಿನ ಅಂಕಿ, 90ಕ್ಕೆ ಇಳಿಯಿತು. ಮಗ ಗಾಬರಿಯಾದ. “ಸರ, ಇಷ್ಟೊತ್ತನಾ ತೊಂಬತ್ತೊಂಬತ್ತ ಇತ್ತರಿ, ಈಗ ತೊಂಬತ್ತಕ್ಕ ಇಳದೈತಿ. ಗಾಳಿ ಕಡಿಮಿ ಮಾಡಬ್ಯಾಡ್ರಿ, ರೊಕ್ಕ ಎಷ್ಟಾದರೂ ಕಟ್ಟತೀನಿ.”

“ರೊಕ್ಕದ ಮಾತಲ್ಲಪಾ. ನಿಮ್ಮವ್ವಗ ತೊಂಬತ್ತ ಇದ್ದರ ಸಾಕು. ಹೆಚ್ಚಿಗಿ ಕೊಟ್ಟರ ನಿದ್ದಿಗುಂಗಿನ್ಯಾಗ ಹೋಗ್ತಾರ. ನೀ ಅವರನ್ನ ಮಾತಾಡಿಸಿಕೋತ ಕುಂದರು.”

ಸಾಮಾನ್ಯ ರೋಗಿಗಳಿಗೆ 94ರಿಂದ 98, ಇಂಥ ಸಿಒಪಿಡಿ ರೋಗಿಗಳಿಗೆ 88ರಿಂದ 92 ಎಂಬುದು ಪುಸ್ತಕದಲ್ಲಿ ನಾವೆಲ್ಲ ಓದಿದ ಗುರಿ. ಆದರೆ ಎದುರಿಗೆ ಮಗನೊಬ್ಬ ಕೈಮುಗಿದು ನಿಂತಾಗ ಗುಂಡನ್ನು ನಾಲ್ಕರಲ್ಲೇ ಉಳಿಸಿಕೊಳ್ಳುವುದಕ್ಕೆ ಓದಿದ್ದರ ಜೊತೆಗೆ, ಬಲ್ಲವರು ಹಾಗೆ ಮಾಡಿದ್ದನ್ನು ಕಣ್ಣಾರೆ ಕಂಡ ಧೈರ್ಯವೂ ಬೇಕು. ಒಂದು ಗಂಟೆಯ ನಂತರದ ಎಬಿಜಿಯಲ್ಲಿ ಪಿಎಚ್ 7.36ಕ್ಕೆ ಏರಿತ್ತು, ಕಾರ್ಬನ್ ಡೈಆಕ್ಸೈಡ್ ಇಳಿಯತೊಡಗಿತ್ತು. ಯಂತ್ರದಿಂದ ಉಸಿರಾಟಕ್ಕೆ ನೆರವು ಕೊಡುವ ಪ್ರಸಂಗ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಮಗನ ಹೆಸರು ಹಿಡಿದು ಕರೆದು ಚಹಾ ಕೇಳಿದರು.

ಊಟದ ನಂತರದ ತರಗತಿ ಸಿಲಿಂಡರಿನ ಲೆಕ್ಕದ್ದು, ನಮ್ಮಂಥ ದೂರದ ಕೇಂದ್ರಗಳಿಗೆ ಅತ್ಯಗತ್ಯವಾದದ್ದು. ಆಂಬುಲೆನ್ಸಿನಲ್ಲಿ ಸಾಮಾನ್ಯವಾಗಿ ಇರುವ ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಅದರಲ್ಲಿ ಸುಮಾರು 1500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ ಹತ್ತು ಲೀಟರ್ ಬಿಟ್ಟರೆ ಎರಡೂವರೆ ಗಂಟೆ. ನಾಲ್ಕು ಲೀಟರ್ ಬಿಟ್ಟರೆ ಆರೂಕಾಲು ಗಂಟೆ. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ನಮ್ಮ ಕಡೆಯಿಂದ ಬೆಳಗಾವಿಗೆ ಮೂರು ಗಂಟೆಯಾದರೂ ಬೇಕು. ಆ ಅಜ್ಜಿಯಂಥವರಿಗೆ ಬೇಡದ ಹತ್ತು ಲೀಟರ್ ಕೊಡುತ್ತ ಹೊರಟರೆ, ಮೊದಲು ಮಂಪರು, ಆಮೇಲೆ ದಾರಿಯಲ್ಲೇ ಸಿಲಿಂಡರ್ ಖಾಲಿ. ಹೊರಡುವ ಮುನ್ನ ಗೇಜಿನ ಮುಳ್ಳು ನೋಡಿ, ಉಳಿದ ಲೀಟರನ್ನು ಬಿಡುವ ಲೀಟರಿನಿಂದ ಭಾಗಿಸಿ, ಬಂದ ಸಮಯವನ್ನು ರೆಫರಲ್ ಚೀಟಿಯ ಮೇಲೆ ಬರೆಯಬೇಕೆಂಬ ರೂಢಿಯನ್ನು ನಾವು ಅಲ್ಲಿ ಮಾಡಿಕೊಂಡೆವು.

ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಯಲ್ಲಿ, ಅರಿವಳಿಕೆಯ ಬಳಕೆಯ ಆಚೆಗೆ, ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾದವರ ಚಿಕಿತ್ಸೆಗೂ ಆಕ್ಸಿಜನ್ನನ್ನು ಸೇರಿಸಿದ್ದು 2017ರಲ್ಲಿ. ಔಷಧವೆಂದ ಮೇಲೆ ಪ್ರಮಾಣ ಬರೆಯಬೇಕು, ಪರಿಣಾಮ ಅಳೆಯಬೇಕು, ಬೇಡವಾದಾಗ ನಿಲ್ಲಿಸಬೇಕು. 1940, 50ರ ದಶಕಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ ಸಾವಿರಾರು ಕೂಸುಗಳು ಅಳತೆಯಿಲ್ಲದ ಆಕ್ಸಿಜನ್ನಿನಿಂದ ದೃಷ್ಟಿ ಕಳೆದುಕೊಂಡವು. ಅಳೆಯುವ ಸಾಧನಕ್ಕೂ ಮಿತಿಯಿದೆ. ಕೈ ತಣ್ಣಗಿದ್ದರೆ, ಉಗುರಿಗೆ ಗಾಢ ಬಣ್ಣವಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸಬಹುದು, ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು. ಬಿಸಿಲಲ್ಲಿ ದುಡಿಯುವ ನಮ್ಮ ಜನರ ನಡುವೆ ಇದನ್ನು ನೆನಪಿಡದಿದ್ದರೆ ಆಗದು.

ಮರಳಿ ಬಂದ ಮೇಲೆ ನಮ್ಮ ಕೇಂದ್ರದ ಕೇಸ್ ಶೀಟಿನಲ್ಲಿ ಗುರಿ, ಸಾಧನ, ಲೀಟರ್ ಎಂಬ ಮೂರು ಖಾನೆಗಳನ್ನು ಹಾಕಿಸಿದೆ. ಗುರಿ ಬರೆದಿದ್ದರೆ ಲೀಟರನ್ನು ಏರಿಸಿ ಇಳಿಸುವ ಅಧಿಕಾರ ಪಾಳಿಯಲ್ಲಿರುವ ಸಿಸ್ಟರ್‌ಗೆ ಇದೆ. ರಾತ್ರಿ ಎರಡು ಗಂಟೆಗೆ ರೋಗಿಯನ್ನು ನೋಡುತ್ತಿರುವವರು ಅವರೇ. ಫೆಲೋಶಿಪ್ಪಿನವರು ಕೇಳಿದ ವರದಿಯಲ್ಲಿ, ಮುಂದಿನ ತಂಡದ ಹಣದಲ್ಲಿ ಒಂದು ಪಾಲನ್ನು 108 ಆಂಬುಲೆನ್ಸಿನ ತಂತ್ರಜ್ಞರಿಗೆ ಮೀಸಲಿಡಿ, ಊರಿನಿಂದ ಊರಿಗೆ ಸಾಗುವಾಗ ಆ ಗುಂಡನ್ನು ತಿರುಗಿಸುವ ಕೈ ಅವರದು ಎಂದು ಬರೆದು ಕಳುಹಿಸಿದ್ದೇನೆ.