ತಾರಸಿಯ ಮೇಲೆ 1983

ಜನವರಿ 12, 2025, ಭಾನುವಾರ
ಹನುಮಂತನಗರ, ಬೆಂಗಳೂರು

ಮಕ್ಕಳಿಗೆ ವೇಷ ಹಾಕಿಸುವುದು ಸುಲಭ. ಕೊಳಲು, ನವಿಲುಗರಿ ಕೊಟ್ಟರೆ ಸಾಕು, ಕೃಷ್ಣ ತಾನೇ ನಿಲ್ಲುತ್ತಾನೆ. ಐವತ್ತು ದಾಟಿದ ಬ್ಯಾಂಕ್ ಅಧಿಕಾರಿ ಮಾತ್ರ ‘ನಾನು ಹೀಗೆಯೇ ಬಂದರೆ ಆಗುವುದಿಲ್ಲವೇ?’ ಎಂದು ಕೊನೆಯ ಗಳಿಗೆಯವರೆಗೂ ಕೇಳುತ್ತಿರುತ್ತಾರೆ. ನಿನ್ನೆ ನಮ್ಮ ತಾರಸಿಯ ಮೇಲೆ ನಡೆದ ಛದ್ಮವೇಷದ ಕೂಟಕ್ಕೆ ಅಂಥವರೇ ಹೆಚ್ಚು.

ನಾದಿನಿ ಸೂಚಿಸಿದ್ದು ‘ರೆಟ್ರೊ’. ನಾನು ಒಪ್ಪಲಿಲ್ಲ. ಬೆಲ್‌ಬಾಟಮ್, ಚುಕ್ಕೆ ಸೀರೆ, ದೊಡ್ಡ ಕನ್ನಡಕ ಹಾಕಿಕೊಂಡರೆ ಅದು ಮುಂಬೈಯೂ ಆಗಬಹುದು, ದೆಹಲಿಯೂ ಆಗಬಹುದು. ನಮ್ಮವರು ಮತ್ತು ಅವರ ಗೆಳೆಯರು ಎಸ್‌ಎಸ್‌ಎಲ್‌ಸಿ ಮುಗಿಸಿದ್ದು 1983ರಲ್ಲಿ. ಹಾಗಾಗಿ ಆಹ್ವಾನದಲ್ಲಿ ‘1983ರ ಬೆಂಗಳೂರು’ ಎಂದಷ್ಟೇ ಬರೆದು ಎರಡು ಷರತ್ತು ಸೇರಿಸಿದೆ. ಬಾಡಿಗೆ ವೇಷ ಕೂಡದು, ಏನಿದ್ದರೂ ಬೀರುವಿನಿಂದಲೇ ಹೊರಬರಬೇಕು. ವೇಷದ ಜೊತೆಗೆ ಒಂದು ಕೆಲಸವೂ ಇರಬೇಕು. ಬಾಡಿಗೆಯ ಜರತಾರಿ ಅಂಗಿ ತೊಟ್ಟವರನ್ನು ನಾನು ಬಲ್ಲೆ. ಎಲ್ಲಿ ಸಾರು ಚೆಲ್ಲಿ ಠೇವಣಿ ಹೋಗುತ್ತದೋ ಎಂದು ಇಡೀ ಸಂಜೆ ಕೈಕಟ್ಟಿ ಕುಳಿತಿರುತ್ತಾರೆ.

ಎರಡನೆಯ ಷರತ್ತಿನಿಂದಲೇ ಕೂಟ ಗೆದ್ದಿತು. ನಮ್ಮವರ ಗೆಳೆಯರೊಬ್ಬರು ಆಗಿನ ನಗರ ಸಾರಿಗೆ ಬಿಟಿಎಸ್‌ನ ಕಂಡಕ್ಟರ್ ಆಗಿ ಬಂದರು (ಬಿಎಂಟಿಸಿ ಆಗಿನ್ನೂ ಹುಟ್ಟಿರಲಿಲ್ಲ, ಅದು 1997ರ ಕೂಸು). ಖಾಕಿ ಅಂಗಿ, ಚರ್ಮದ ಚೀಲ, ಬಾಯಲ್ಲಿ ಸೀಟಿ. ಮೆಟ್ಟಿಲ ಬಳಿ ನಿಂತು ಟಿಕೆಟ್ ಇಲ್ಲದೆ ಯಾರನ್ನೂ ಮೇಲಕ್ಕೆ ಬಿಡಲಿಲ್ಲ. ಎಲ್ಲರ ಟಿಕೆಟ್ಟಿನ ಹಿಂದೆಯೂ ಮೂವತ್ತು ಪೈಸೆ ಬಾಕಿ ಬರೆದು ‘ಇಳಿಯುವಾಗ ತೆಗೆದುಕೊಳ್ಳಿ’ ಎಂದರು. ಪರಿಚಯವಿಲ್ಲದವರೂ ಈ ಚಿಲ್ಲರೆಯ ವಿಚಾರಕ್ಕೆ ಒಂದಾಗಿ ಅವರನ್ನು ಸುತ್ತುವರಿದರು. ಅತಿಥಿಗಳನ್ನು ಪರಸ್ಪರ ಪರಿಚಯಿಸುವ ನನ್ನ ಕೆಲಸ ಅಲ್ಲಿಗೆ ಮುಗಿಯಿತು.

ಭಾವ 1983ರ ವಿಶ್ವಕಪ್ ತಂಡದ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ. ತಲೆಗೆ ಏನೂ ಖರ್ಚು ಮಾಡಬೇಕಾಗಿರಲಿಲ್ಲ, ಗ್ಲೌಸ್ ಒಂದೇ ಸಾಕಾಯಿತು. ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ 175 ಹೊಡೆದದ್ದನ್ನು ಎಲ್ಲರೂ ಹೇಳುತ್ತಾರೆ, ಒಂಬತ್ತನೇ ವಿಕೆಟ್ಟಿಗೆ ಮುರಿಯದ 126 ರನ್ ಸೇರಿಸುವಾಗ ಇನ್ನೊಂದು ತುದಿಯಲ್ಲಿ 24 ಮಾಡಿ ನಿಂತವನು ನಾನು ಎಂದು ಕಂಡಕಂಡವರಿಗೆಲ್ಲ ದೂರುತ್ತಿದ್ದರು. ಯಾರೋ ಎಸೆದ ಖಾರಾ ಬನ್ ಅನ್ನು ಎಡಕ್ಕೆ ಹಾರಿ ಹಿಡಿದರು. ಸೊಂಟ ಇಂದು ಬೆಳಿಗ್ಗೆ ಉತ್ತರ ಕೊಟ್ಟಿದೆಯಂತೆ.

ದೂರದರ್ಶನದ ವಾರ್ತಾವಾಚಕಿಯರಾಗಿ ಮೂವರು ಬಂದುಬಿಟ್ಟರು. ಮೂವರದ್ದೂ ರೇಷ್ಮೆ ಸೀರೆ, ಮೂವರ ಮುಖದಲ್ಲೂ ಅಸಮಾಧಾನ. ರಟ್ಟಿನ ಟಿವಿ ಚೌಕಟ್ಟಿನ ಹಿಂದೆ ಸರದಿಯಂತೆ ಕೂರಿಸಿ ಅರ್ಧ ಗಂಟೆಗೊಮ್ಮೆ ವಾರ್ತೆ ಓದಿಸಿದೆ. ಮಾಸ್ತಿಯವರಿಗೆ ಜ್ಞಾನಪೀಠ ಬಂದ ಸುದ್ದಿ ಓದಿದಾಗ, ಮುಚ್ಚುಕೊರಳಿನ ಕೋಟು ತೊಟ್ಟು ಮೂಲೆಯಲ್ಲಿ ಇಸ್ಪೀಟು ಕಲೆಸುತ್ತಿದ್ದ ‘ಮಾಸ್ತಿ’ ತಲೆಯೆತ್ತಿ ‘ಸಂತೋಷ, ಈಗ ಎಲೆ ಹಾಕಿ’ ಎಂದರು. ನಿಜವಾದ ಮಾಸ್ತಿ ಬಸವನಗುಡಿ ಕ್ಲಬ್ಬಿನಲ್ಲಿ ಇಸ್ಪೀಟಾಡುತ್ತಿದ್ದುದು ಈ ಭಾಗದ ಹಳಬರಿಗೆಲ್ಲ ಗೊತ್ತು, ಚಪ್ಪಾಳೆ ಬಿತ್ತು.

ರಾಮಕೃಷ್ಣ ಹೆಗಡೆಯವರೂ ಇದ್ದರು. ಜನತಾ ಪಕ್ಷದ ಅವರು ರಾಜ್ಯದ ಕಾಂಗ್ರೆಸ್ಸೇತರ ಮೊದಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು 1983ರ ಜನವರಿ 10ರಂದು, ನಮ್ಮ ಕೂಟ 11ಕ್ಕೆ. ನಮ್ಮ ‘ಹೆಗಡೆ’ ಕೈಗೆ ಎಚ್‌ಎಂಟಿ ಜನತಾ ಗಡಿಯಾರ ಕಟ್ಟಿಕೊಂಡು ಬಂದದ್ದು ಯೋಚಿಸಿಯೇ. ಆದರೆ ಮೊದಲು ಖಾಲಿಯಾದ ತಿಂಡಿ ಕಾಂಗ್ರೆಸ್ ಕಡಲೆಕಾಯಿ. ಅವರ ತಟ್ಟೆಯಲ್ಲೂ ಅದೇ.

ಊಟಕ್ಕೆ ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು. ಜನವರಿಯಲ್ಲಿ ಬೇರೆ ಯೋಚನೆಯೇ ಬೇಡ. ಗೋಲ್ಡ್ ಸ್ಪಾಟ್ ಈಗ ಎಲ್ಲಿ ಸಿಗಬೇಕು? ಮರಳಿ ಬಂದಿರುವ ಕ್ಯಾಂಪಾ ಕೋಲಾದಲ್ಲಿ ಸುಧಾರಿಸಿದೆವು.

ಎಲ್ಲರನ್ನೂ ಮೀರಿಸಿದವರು ಎದುರು ಮನೆಯ ಅಜ್ಜಿ. ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ‘ನಾನು ನಾನಾಗಿಯೇ ಬಂದಿದ್ದೇನೆ’ ಎಂದು ಹತ್ತಿ ಸೀರೆಯಲ್ಲಿ ಬಂದು, ಸಣ್ಣ ಚಿಮಟ ಮತ್ತು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗಾಜನ್ನು ಮೇಜಿನ ಮೇಲಿಟ್ಟರು. ಹೆಗಡೆಯವರ ಗಡಿಯಾರ ನಿಂತಿತ್ತು. ಹಿಂಬದಿಯ ಮುಚ್ಚಳ ತೆಗೆದು ನೋಡಿ, ‘ಎಣ್ಣೆ ಒಣಗಿದೆ. ಬಿಚ್ಚಿ ತೊಳೆಯಬೇಕು. ಕೀ ಕೊಡುವಾಗ ಇಷ್ಟು ಬಲ ಯಾಕೆ ಹಾಕುತ್ತೀರಿ?’ ಎಂದು ಗದರಿಸಿದರು. ಮುಖ್ಯಮಂತ್ರಿಗಳು ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಿಗೆ ಅಪ್ಪನ ಗಡಿಯಾರ, ಮಾವನ ಗಡಿಯಾರ ಎಂದು ಕೈಯಲ್ಲಿ ಹಿಡಿದವರ ಸಾಲೇ ಬೆಳೆಯಿತು. ಕಂಡಕ್ಟರ್ ಸೀಟಿ ಊದಿ ಸಾಲು ಸರಿಪಡಿಸಿದರು. ಈಚಿನ ಹುಡುಗಿಯೊಬ್ಬಳು ಅಜ್ಜಿಯ ಪಕ್ಕ ಕುಳಿತವಳು ಊಟಕ್ಕೂ ಏಳಲಿಲ್ಲ. ಬೆಂಗಳೂರಿನ ಕಾರ್ಖಾನೆ 1961ರಲ್ಲಿ ಶುರುವಾದದ್ದು, ಹೆಣ್ಣುಮಕ್ಕಳು ಸಾಲಾಗಿ ಕುಳಿತು ಕೂದಲೆಳೆಯಂಥ ಸ್ಪ್ರಿಂಗ್ ಜೋಡಿಸುತ್ತಿದ್ದುದು, ಎಲ್ಲವನ್ನೂ ಕೇಳಿಸಿಕೊಂಡಳು.

ಮೊಬೈಲ್‌ಗಳನ್ನೆಲ್ಲ ಕೆಳಗೆ ಅಕ್ಕಿ ಡಬ್ಬದ ಪಕ್ಕ ಇಡಿಸಿದ್ದೆ. ಚಿತ್ರಕ್ಕೆ ಇದ್ದದ್ದು ಮೈದುನನ ಹಳೆಯ ಕ್ಯಾಮೆರಾ, ಒಂದು ರೋಲ್, 36 ಚಿತ್ರ. ಅದನ್ನಿನ್ನೂ ತೊಳೆಯಲು ಕೊಟ್ಟಿಲ್ಲ. ವಾಟ್ಸ್‌ಆಪ್ ಗುಂಪಿನಲ್ಲಿ ಬೆಳಗಿನಿಂದ ‘ಫೋಟೊ ಎಲ್ಲಿ?’ ಎಂದು ಕೇಳುತ್ತಿದ್ದಾರೆ. ಸಂಕ್ರಾಂತಿ ಕಳೆಯಲಿ ಎಂದು ಬರೆದು ಪಾತ್ರೆ ತೊಳೆಯಲು ಎದ್ದೆ.